ಪ್ರೊಜೆಕ್ಟರ್‌ಗೆ ಎಷ್ಟು ಲುಮೆನ್ಸ್ ಬೇಕು? ಗಾಜಿನ ಹಂಚಿನ ಹಾಲ್, ಹಗಲು ಹೊತ್ತಿನ ಮ್ಯಾಚ್

ಮೂರ್ನಾಡು_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಸಂಘಕ್ಕೆ ಒಂದು ಪ್ರೊಜೆಕ್ಟರ್ ತೆಗೆಯುವುದು ಅಂತ ಮೀಟಿಂಗ್‌ನಲ್ಲಿ ತೀರ್ಮಾನ ಆಗಿದೆ. ಯಾವುದು ಅಂತ ಮಾತ್ರ ತೀರ್ಮಾನ ಆಗಲಿಲ್ಲ, ಆ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಊರು ಮೂರ್ನಾಡು ಹತ್ತಿರ. ಹಾಲ್ ಹಳೇದು. ಹಂಚಿನ ಮಾಡು, ನಡುವೆ ಅಲ್ಲಲ್ಲಿ ಗಾಜಿನ ಹಂಚು ಹಾಕಿದ್ದಾರೆ, ಎರಡೂ ಬದಿಗೆ ದೊಡ್ಡ ಕಿಟಕಿಗಳಿವೆ. ಒಂದು ಕಡೆಯ ಗೋಡೆ ಪೂರ್ತಿ ಖಾಲಿ, ಬಿಳಿ ಬಣ್ಣ. ಅದರ ಮೇಲೆಯೇ 120 ಇಂಚು ಚಿತ್ರ ಬಿಡಬೇಕು ಅಂತ ಯೋಚನೆ. ಜನ ನೂರರ ಹತ್ತಿರ ಸೇರುತ್ತಾರೆ, ಮ್ಯಾಚ್ ಇದ್ದರೆ ಇನ್ನೂ ಜಾಸ್ತಿ. ಹಾಕಿ ಮ್ಯಾಚ್ ಅಂದರೆ ನಮ್ಮೂರಲ್ಲಿ ಅಜ್ಜಂದಿರಿಂದ ಹಿಡಿದು ಎಲ್ಲರೂ ಬರುತ್ತಾರೆ, ಕ್ರಿಕೆಟ್‌ಗೆ ಹುಡುಗರು. ಇದಲ್ಲದೆ ತೋಟದ ವಿಷಯ ಹೇಳಲು ಯಾರಾದರೂ ಬಂದರೆ ಸ್ಲೈಡ್ ತೋರಿಸುವುದಿದೆ. ಹಿಂದೆ ಒಬ್ಬರು ಅವರದೇ ಪ್ರೊಜೆಕ್ಟರ್ ತಂದು ಕಾಫಿಯ ಕೊಳೆ ರೋಗದ ಫೋಟೋ ತೋರಿಸಿದ್ದರು. ಹಗಲು ಹೊತ್ತು. ಅಕ್ಷರ ಹೇಗೋ ಓದಬಹುದಿತ್ತು, ಆದರೆ ಎಲೆಯಲ್ಲಿ ಕಪ್ಪಾದ ಜಾಗ ಯಾವುದು ಒಳ್ಳೆ ಜಾಗ ಯಾವುದು ಅಂತ ಗೊತ್ತೇ ಆಗಲಿಲ್ಲ, ಎಲ್ಲ ಬೂದಿ ಬಣ್ಣ.

ಈಗ ಕೈಯಲ್ಲಿ ಎರಡು ಆಯ್ಕೆ ಇವೆ. ಒಂದು ಆನ್‌ಲೈನ್‌ನಲ್ಲಿ ಸಿಗುವುದು, 9500 ಲುಮೆನ್ಸ್ ಅಂತ ಬರೆದಿದ್ದಾರೆ, ಬೆಲೆ ಕಡಿಮೆ. ಇನ್ನೊಂದು ಹೆಸರಿರುವ ಕಂಪನಿಯದು, 3600 ಲುಮೆನ್ಸ್ ಮಾತ್ರ, ಬೆಲೆ ಅದರ ಮೂರು ನಾಲ್ಕು ಪಟ್ಟು. ಎರಡಕ್ಕೂ ಫುಲ್ ಎಚ್‌ಡಿ ಅಂತ ಇದೆ. ನಮ್ಮ ಖಜಾಂಚಿ ಮಾವ ಕೇಳುತ್ತಾರೆ, ಕಡಿಮೆ ದುಡ್ಡಿಗೆ ಜಾಸ್ತಿ ಬೆಳಕು ಸಿಗುವಾಗ ದುಬಾರಿಯದ್ದು ಯಾಕೆ ಅಂತ. ನನಗೆ ಉತ್ತರ ಗೊತ್ತಿಲ್ಲ.

ಲುಮೆನ್ಸ್ ಜಾಸ್ತಿ ಆದಷ್ಟೂ ಚಿತ್ರ ಚೆನ್ನಾಗಿ ಬರುತ್ತದಾ? ಗೋಡೆ ಸಾಕಾ, ಸ್ಕ್ರೀನ್ ಬೇಕೇ ಬೇಕಾ? ಇನ್ನೊಂದು, ಹೈ ಆಲ್ಟಿಟ್ಯೂಡ್ ಮೋಡ್ ಅಂತ ಏನೋ ಇದೆಯಂತೆ, ನಮ್ಮ ಕೊಡಗಿಗೆ ಅದು ಬೇಕಾ?


ಬೆಳಕಿನ_ಲೆಕ್ಕ:

ಸುಲಭದ್ದು ಮೊದಲು. ಹೈ ಆಲ್ಟಿಟ್ಯೂಡ್ ಮೋಡ್ ಬೇಡ. ಎತ್ತರದ ಜಾಗದಲ್ಲಿ ಗಾಳಿ ತೆಳು, ಮೆಷಿನ್ ಬೇಗ ತಣಿಯುವುದಿಲ್ಲ, ಅದಕ್ಕೆ ಫ್ಯಾನ್ ಜೋರಾಗಿ ತಿರುಗಿಸುವ ಮೋಡ್ ಅದು. ಹೆಚ್ಚಿನ ಮ್ಯಾನ್ಯುಯಲ್‌ಗಳಲ್ಲಿ ಸುಮಾರು 1500 ಮೀಟರ್ ಮೇಲೆ ಇದ್ದರೆ ಹಾಕಿ ಅಂತ ಇರುತ್ತದೆ. ಮಡಿಕೇರಿಯೇ ಸಾವಿರದ ಇನ್ನೂರು ಮೀಟರ್ ಒಳಗೆ, ನಿಮ್ಮ ಮೂರ್ನಾಡು ಅದಕ್ಕಿಂತ ಕೆಳಗೆ. ಪ್ರೊಜೆಕ್ಟರ್ ಹೊತ್ತುಕೊಂಡು ತಡಿಯಂಡಮೋಳ್ ಬೆಟ್ಟ ಹತ್ತುವ ಯೋಚನೆ ಇದ್ದರೆ ಹೇಳಿ.

ಈಗ 9500. ಈ ಅಂಕಿಯನ್ನು ಸುಮ್ನೆ ಮರೆತುಬಿಡಿ. ಲುಮೆನ್ಸ್ ಅಂತ ಬರೆಯಲು ಯಾರೂ ಅಡ್ಡ ಬರುವುದಿಲ್ಲ, ಹೇಗೆ ಅಳೆದಿರಿ ಅಂತ ಕೇಳಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಅಳೆಯುವ ಒಂದು ಒಪ್ಪಿತ ಕ್ರಮ ಇದೆ, ಅಮೆರಿಕದ ಆನ್ಸಿ ಸಂಸ್ಥೆಯದು, 1992ರಿಂದ. ಗೋಡೆ ಮೇಲೆ ಪೂರ್ತಿ ಬಿಳಿ ಚಿತ್ರ ಬಿಡುವುದು, ಅದನ್ನು ಅಡ್ಡಕ್ಕೆ ಮೂರು ಉದ್ದಕ್ಕೆ ಮೂರು ಅಂತ ಒಂಬತ್ತು ಚೌಕ ಮಾಡುವುದು, ಪ್ರತಿ ಚೌಕದ ನಡುವೆ ಎಷ್ಟು ಬೆಳಕು ಬೀಳುತ್ತದೆ ಅಂತ ಲಕ್ಸ್‌ನಲ್ಲಿ (ಒಂದು ಚದರ ಮೀಟರ್‌ಗೆ ಎಷ್ಟು ಲುಮೆನ್ಸ್ ಅಂತ) ಅಳೆಯುವುದು, ಸರಾಸರಿ ತೆಗೆದು ಚಿತ್ರದ ಚದರ ಮೀಟರ್‌ನಿಂದ ಗುಣಿಸುವುದು. ಅಷ್ಟೇ. ಆಮೇಲೆ ಬಂದ ಐಎಸ್‌ಒ 21118 ಕೂಡ ಹೆಚ್ಚು ಕಡಿಮೆ ಇದೇ ದಾರಿ. ಹೆಸರಿರುವ ಕಂಪನಿಗಳು ಈ ಎರಡರಲ್ಲಿ ಒಂದನ್ನು ನಮೂದಿಸುತ್ತವೆ. ಅಗ್ಗದ ಪೆಟ್ಟಿಗೆಗಳ ಮೇಲೆ ಬರೀ ಲುಮೆನ್ಸ್ ಅಂತ ಇರುತ್ತದೆ, ಅಥವಾ ಒಳಗಿನ ಎಲ್‌ಇಡಿ ಬಲ್ಬ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಲೆಕ್ಕ ಇರುತ್ತದೆ. ಆ ಬೆಳಕು ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್, ಲೆನ್ಸ್ ಎಲ್ಲ ದಾಟಿ ಹೊರಗೆ ಬರುವಷ್ಟರಲ್ಲಿ ಬಹುಪಾಲು ಸತ್ತಿರುತ್ತದೆ. ಕೆಲವರು ಅದನ್ನೂ ಬಿಟ್ಟು ಬಾಯಿಗೆ ಬಂದ ಅಂಕಿ ಹಾಕುತ್ತಾರೆ. ಸಾವಿರಗಟ್ಟಲೆ ಬರೆದ ಇಂತಹ ಮೆಷಿನ್‌ಗಳಿಂದ ನಿಜವಾಗಿ ಹೊರಗೆ ಬರುವುದು ಇನ್ನೂರು ಮುನ್ನೂರು ಆನ್ಸಿ ಲುಮೆನ್ಸ್ ಇದ್ದರೆ ಹೆಚ್ಚು. ಫುಲ್ ಎಚ್‌ಡಿ ಅನ್ನುವುದರಲ್ಲೂ ಇದೇ ಆಟ. ಫುಲ್ ಎಚ್‌ಡಿ "ಸಪೋರ್ಟೆಡ್" ಅಂತಿದ್ದರೆ ಆ ಸಿಗ್ನಲ್ ತೆಗೆದುಕೊಳ್ಳುತ್ತದೆ ಅಂತ ಅಷ್ಟೇ ಅರ್ಥ, ಒಳಗಿನ ಪ್ಯಾನೆಲ್ ಅದಕ್ಕಿಂತ ಚಿಕ್ಕದಿರಬಹುದು. "ನೇಟಿವ್ ರೆಸಲ್ಯೂಷನ್" ಅಂತ ಇರುವ ಸಾಲು ಹುಡುಕಿ ನೋಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಲುಮೆನ್ಸ್ ಅಂದರೆ ಮೆಷಿನ್‌ನಿಂದ ಹೊರಬೀಳುವ ಒಟ್ಟು ಬೆಳಕು. ಕಣ್ಣಿಗೆ ಕಾಣುವುದು ಒಟ್ಟು ಅಲ್ಲ, ಚದರ ಮೀಟರ್‌ಗೆ ಎಷ್ಟು ಬಿತ್ತು ಅನ್ನುವುದು. ಒಂದೇ ಡಬ್ಬಿ ಬಣ್ಣವನ್ನು ಚಿಕ್ಕ ಗೋಡೆಗೆ ಬಳಿದರೆ ದಪ್ಪ ಬರುತ್ತದೆ, ದೊಡ್ಡ ಗೋಡೆಗೆ ಬಳಿದರೆ ತೆಳು, ಹಾಗೆ. 100 ಇಂಚಿನ ಚಿತ್ರ ಅಂದರೆ 2.75 ಚದರ ಮೀಟರ್. 120 ಇಂಚು ಅಂದರೆ ಹತ್ತಿರ ಹತ್ತಿರ 4. 150 ಇಂಚು ಅಂದರೆ 6.2. ನೂರರಿಂದ ನೂರೈವತ್ತಕ್ಕೆ ಹೋದರೆ ಅಳತೆ ಒಂದೂವರೆ ಪಟ್ಟು, ಆದರೆ ಬೆಳಕು ಎರಡೂಕಾಲು ಪಟ್ಟು ಬೇಕು. ಹುಡುಗರು "ಇನ್ನೂ ದೊಡ್ಡದು ಮಾಡೋಣ" ಅನ್ನುವಾಗ ಇದು ನೆನಪಿರಲಿ.

ಹಾಗಾದರೆ ಎಷ್ಟು ಬಿದ್ದರೆ ಸಾಕು? ಡಿಜಿಟಲ್ ಸಿನಿಮಾ ಥಿಯೇಟರ್‌ಗಳ ಅಳತೆ 48 ನಿಟ್ಸ್ (ನಿಟ್ಸ್ ಅಂದರೆ ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ). ಸಾಧಾರಣ ಬಿಳಿ ಸ್ಕ್ರೀನ್‌ನಿಂದ ಅಷ್ಟು ಬರಬೇಕಾದರೆ ಅದರ ಮೇಲೆ 150 ಲಕ್ಸ್ ಬೆಳಕು ಬೀಳಬೇಕು. 120 ಇಂಚಿಗೆ ಲೆಕ್ಕ ಹಾಕಿ, 150 ಗುಣಿಸು 4. ಆರುನೂರು ಲುಮೆನ್ಸ್! ಪೂರ್ತಿ ಕತ್ತಲೆ ಇದ್ದರೆ ಇಷ್ಟೇ ಸಾಕು. ಹಾಗಾದರೆ 3600 ಯಾಕೆ ಮಾರುತ್ತಾರೆ ಅಂದರೆ ಯಾರ ಹಾಲೂ ಥಿಯೇಟರ್‌ನಷ್ಟು ಕತ್ತಲೆ ಇರುವುದಿಲ್ಲ.

ಇಲ್ಲೇ ಇರುವುದು ವಿಷಯ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಕಪ್ಪು ಅಂದರೆ ಅಲ್ಲಿ ಬೆಳಕು ಬಿಡದೇ ಇರುವುದು, ಅಷ್ಟೇ. ಆಗ ಅಲ್ಲಿ ಕಾಣುವುದು ನಿಮ್ಮ ಗೋಡೆ, ಆ ಹೊತ್ತಿಗೆ ಹಾಲ್‌ನ ಬೆಳಕಿನಲ್ಲಿ ಹೇಗೆ ಕಾಣುತ್ತದೋ ಹಾಗೆ. ಮೆಷಿನ್ ಆಫ್ ಮಾಡಿ ಗೋಡೆ ನೋಡಿ. ಆ ಬಣ್ಣವೇ ನಿಮಗೆ ಸಿಗುವ ಅತಿ ಕಪ್ಪು. ಹಗಲಲ್ಲಿ ಅದು ಬೂದಿ ಅಥವಾ ಬಿಳಿ. ಕೊಳೆ ರೋಗದ ಫೋಟೋ ಹಾಳಾಗಿದ್ದು ಇದಕ್ಕೇ. ಬಿಳಿ ಹಾಳೆ ಮೇಲಿನ ಅಕ್ಷರಕ್ಕೆ ಒಂದಷ್ಟು ವ್ಯತ್ಯಾಸ ಇದ್ದರೆ ಓದಬಹುದು, ಕಡು ಹಸಿರು ಎಲೆಯ ಒಳಗಿನ ಕಪ್ಪು ಜಾಗಕ್ಕೆ ಅದು ಸಾಲುವುದಿಲ್ಲ. ಬಾಕ್ಸ್ ಮೇಲೆ 20000:1 ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಕು) ಅಂತ ಬರೆದಿರುವುದೆಲ್ಲ ಪೂರ್ತಿ ಕತ್ತಲೆ ಕೋಣೆಯ ಲೆಕ್ಕ. ಗಾಜಿನ ಹಂಚಿನ ಕೆಳಗೆ ಅದಕ್ಕೆ ಬೆಲೆ ಇಲ್ಲ.

ಒಂದು ಕೆಲಸ ಮಾಡಿ. ಫೋನ್‌ಗೆ ಲಕ್ಸ್ ಮೀಟರ್ ಆ್ಯಪ್ ಹಾಕಿ, ಫೋನ್ ಬೆನ್ನು ಗೋಡೆಗೆ ತಾಗಿಸಿ ಹಿಡಿದು, ಹಗಲಲ್ಲಿ ಎಷ್ಟು, ರಾತ್ರಿ ಲೈಟ್ ಹಾಕಿದಾಗ ಎಷ್ಟು ಅಂತ ಬರೆದುಕೊಂಡು ಬನ್ನಿ. ಆಂಡ್ರಾಯ್ಡ್ ಆದರೆ ಸೆನ್ಸರ್ ಮೇಲ್ಗಡೆ ಸ್ಪೀಕರ್ ಹತ್ತಿರ ಇರುತ್ತದೆ, ಬೆರಳು ಅಡ್ಡ ಬಾರದ ಹಾಗೆ ನೋಡಿಕೊಳ್ಳಿ. ಸ್ವಲ್ಪ ಆಚೀಚೆ ತೋರಿಸಿದರೂ ಪರವಾಗಿಲ್ಲ. ಅದು ಬಂದ ಮೇಲೆ ಮಾತಾಡೋಣ.


ಟಿವಿಯೇ_ಸಾಕು:

ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೇ. 65 ಇಂಚಿನ ಟಿವಿ ತಗೊಳ್ಳಿ, ಹಗಲಲ್ಲೂ ಕಾಣುತ್ತದೆ, ರಾತ್ರಿಯೂ ಕಾಣುತ್ತದೆ, ಲ್ಯಾಂಪ್ ಬದಲಿಸುವ ರಗಳೆ ಇಲ್ಲ. ಸಾಧಾರಣ ಟಿವಿಯೇ 300 ನಿಟ್ಸ್ ಹತ್ತಿರ ಕೊಡುತ್ತದೆ. ಈಗ ಮೇಲಿನವರ ಲೆಕ್ಕದಲ್ಲೇ ನೋಡಿ, ಪ್ರೊಜೆಕ್ಟರ್‌ನಿಂದ 120 ಇಂಚಿಗೆ 300 ನಿಟ್ಸ್ ಬರಬೇಕಾದರೆ ಸುಮಾರು 3800 ಲುಮೆನ್ಸ್ ಬೇಕು, ಅದೂ ಬಣ್ಣ ಸರಿ ಇರುವ ಮೋಡ್‌ನಲ್ಲಿ. ಕಪ್ಪಂತೂ ಟಿವಿಯಷ್ಟು ಯಾವತ್ತೂ ಬರುವುದಿಲ್ಲ.


ತೋಟದಮನೆ_ಕಕ್ಕಬ್ಬೆ:

ಟಿವಿ ಅನ್ನುವ ಮಾತು ಮನೆಗೆ ಸರಿ. ನೂರು ಜನಕ್ಕೆ 65 ಇಂಚು ಅಂದರೆ ಹಿಂದೆ ಕೂತವರಿಗೆ ಹಾಕಿ ಚೆಂಡು ಕಾಣುತ್ತದಾ? ಸ್ಕೋರ್ ಓದಲೂ ಆಗುವುದಿಲ್ಲ. ನಮ್ಮ ಹೋಮ್‌ಸ್ಟೇಯಲ್ಲಿ ಎರಡೂ ಇವೆ. ಹಗಲು ಅತಿಥಿಗಳು ಟಿವಿ ನೋಡುತ್ತಾರೆ, ಸಂಜೆ ಏಳರ ಮೇಲೆ ಯಾರೂ ಅದರ ಕಡೆ ತಿರುಗುವುದಿಲ್ಲ, ಜಗಲಿಯ ಪ್ರೊಜೆಕ್ಟರ್ ಎದುರು ಕೂತುಬಿಡುತ್ತಾರೆ.

ಪ್ರಶ್ನೆ ಕೇಳಿದ ತಮ್ಮನಿಗೆ ನನ್ನ ಅನುಭವದ ಎರಡು ಮಾತು. ಲುಮೆನ್ಸ್ ಲೆಕ್ಕದ ಜೊತೆಗೆ ಮೋಡ್ ನೋಡಬೇಕು. ಬಾಕ್ಸ್ ಮೇಲಿನ ಅಂಕಿ ಬರುವುದು ಡೈನಾಮಿಕ್ ಅಥವಾ ಬ್ರೈಟ್ ಅನ್ನುವ ಮೋಡ್‌ನಲ್ಲಿ. ಅದನ್ನು ಹಾಕಿದರೆ ಬಿಳಿ ಅಂಗಿ ಹಸಿರು ಹಸಿರಾಗಿ ಕಾಣುತ್ತದೆ, ಮನುಷ್ಯರ ಮುಖಕ್ಕೆ ಕಾಮಾಲೆ ಬಂದ ಹಾಗೆ. ಸಿನಿಮಾ ಮೋಡ್‌ಗೆ ಬದಲಿಸಿದರೆ ಬಣ್ಣ ಸರಿ ಬರುತ್ತದೆ, ಬೆಳಕು ಮಾತ್ರ ಮೂರನೇ ಒಂದು ಪಾಲು ಹೋಗುತ್ತದೆ, ಕೆಲವು ಮಾಡೆಲ್‌ನಲ್ಲಿ ಅರ್ಧವೇ. ಇಕೋ ಮೋಡ್ ಹಾಕಿದರೆ ಇನ್ನೂ ಇಳಿಯುತ್ತದೆ, ಆದರೆ ಫ್ಯಾನ್ ಸದ್ದು ಕಡಿಮೆ ಆಗುತ್ತದೆ, ಲ್ಯಾಂಪ್ ಬಾಳಿಕೆಯೂ ಬರುತ್ತದೆ. ನಾನು ರಾತ್ರಿ ಯಾವಾಗಲೂ ಇಕೋದಲ್ಲೇ ಇಡುವುದು. ಕತ್ತಲಲ್ಲಿ ಪೂರ್ತಿ ಬೆಳಕು ಬಿಟ್ಟರೆ ಬಿಳಿ ಸೀನ್ ಬಂದಾಗ ಕಣ್ಣು ಕುಕ್ಕುತ್ತದೆ, ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತಾರೆ. ಕತ್ತಲೆ ಸೀನ್‌ನಲ್ಲಿ ಕಪ್ಪೂ ಬೂದಿ ಆಗುತ್ತದೆ, ಯಾಕೆಂದರೆ ಮೆಷಿನ್ ಕಪ್ಪು ಬಿಡುವಾಗಲೂ ಸ್ವಲ್ಪ ಬೆಳಕು ಸೋರುತ್ತಲೇ ಇರುತ್ತದೆ. ಒಟ್ಟು ಬೆಳಕು ಜಾಸ್ತಿ ಆದರೆ ಸೋರುವುದೂ ಜಾಸ್ತಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮದು ಹಂಚಿನ ಮಾಡು ಅಂದಿರಿ, ಸಿಮೆಂಟ್ ಶೀಟೋ ಜಿಂಕ್ ಶೀಟೋ ಆಗಿದ್ದರೆ ಇನ್ನೂ ಕಷ್ಟ, ಜುಲೈ ಆಗಸ್ಟ್‌ನ ಕಕ್ಕಡದ ಮಳೆ ಹಿಡಿದರೆ ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ಕೇಳುವುದೇ ಇಲ್ಲ. ಬೇರೆ ಸ್ಪೀಕರ್‌ಗೆ ದುಡ್ಡು ತೆಗೆದಿಡಿ.


ಮೂರ್ನಾಡು_ಹುಡುಗ:

ಅಕ್ಕಾ, ಸ್ಪೀಕರ್ ಇದೆ, ಗಣೇಶ ಹಬ್ಬಕ್ಕೆ ತೆಗೆದದ್ದು.

ಲಕ್ಸ್ ಅಳೆದೆ. ಮಧ್ಯಾಹ್ನ ಮೂರು ಗಂಟೆ, ಮೋಡ, ಸಣ್ಣಗೆ ಮಳೆ. ಗೋಡೆ ಮೇಲೆ 180ರ ಆಸುಪಾಸು. ಕಿಟಕಿ ಬಾಗಿಲೆಲ್ಲ ಹಾಕಿಸಿದೆ, 110ಕ್ಕೆ ಇಳಿಯಿತು. ಉಳಿದದ್ದು ಪೂರ್ತಿ ಗಾಜಿನ ಹಂಚಿನಿಂದ ಬರುವುದು. ನಾವು ಒಂದಷ್ಟು ಹುಡುಗರು ಏಣಿ ಇಟ್ಟು ಒಳಗಿನಿಂದ ಗಾಜಿನ ಹಂಚಿಗೆ ಕಾಫಿ ಚೀಲ ಒತ್ತಿ ಹಿಡಿದು ನೋಡಿದೆವು, 20ಕ್ಕೆ ಬಂತು. ರಾತ್ರಿ ಎಲ್ಲ ಟ್ಯೂಬ್‌ಲೈಟ್ ಹಾಕಿದರೆ 60. ಗೋಡೆ ಪಕ್ಕದ ಎರಡನ್ನು ಆರಿಸಿ ಹಿಂದಿನದು ಮಾತ್ರ ಇಟ್ಟರೆ 8.

ಖಜಾಂಚಿ ಮಾವ ಈಗ ಹೇಳುತ್ತಿದ್ದಾರೆ, ಸರಿ ಅಗ್ಗದ್ದು ಬೇಡ, ಹಾಗಾದರೆ ಇನ್ನೂ ಸ್ವಲ್ಪ ದುಡ್ಡು ಸೇರಿಸಿ 7000 ಲುಮೆನ್ಸ್‌ದೇ ತೆಗೆಯೋಣ, ಹಗಲಿಗೂ ಆಗುತ್ತದೆ ಅಂತ. ಸ್ವಲ್ಪ ದುಡ್ಡಲ್ಲ, ರೇಟ್ ನೋಡಿ ನನಗೆ ತಲೆ ತಿರುಗಿತು.


ಬೆಳಕಿನ_ಲೆಕ್ಕ:

ಕಾಫಿ ಚೀಲದ ಕೆಲಸ ಮಾಡಿದ್ದು ಬಹಳ ಒಳ್ಳೆಯದಾಯಿತು. ಈಗ ಮಾವನಿಗೆ ಕಾಗದದ ಮೇಲೆ ತೋರಿಸಿ.

3600 ಲುಮೆನ್ಸ್ ಮೆಷಿನ್, ಬಣ್ಣ ಸರಿ ಇರುವ ಮೋಡ್‌ನಲ್ಲಿ 2400 ಅಂತ ಇಟ್ಟುಕೊಳ್ಳಿ. 120 ಇಂಚಿಗೆ ಹರಡಿದರೆ ಗೋಡೆ ಮೇಲೆ 600 ಲಕ್ಸ್. ಹಾಲ್‌ನ ಬೆಳಕು 180. ಚಿತ್ರದಲ್ಲಿ ಬಿಳಿ ಇರುವ ಕಡೆ ಎರಡೂ ಸೇರಿ 780, ಕಪ್ಪು ಇರುವ ಕಡೆ ಹಾಲ್‌ನ ಬೆಳಕು ಮಾತ್ರ, 180. ಅಂದರೆ ಬಿಳಿಗೂ ಕಪ್ಪಿಗೂ ಇರುವ ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಚೂರು ಜಾಸ್ತಿ. ತೊಳೆದ ಹಾಗೆ ಕಾಣುತ್ತದೆ.

ಮಾವನ ಮಾತಿನಂತೆ ಲುಮೆನ್ಸ್ ಎರಡು ಪಟ್ಟು ಮಾಡಿ, 7200. ಗೋಡೆ ಮೇಲೆ 1200 ಲಕ್ಸ್. 1380 ಭಾಗಿಸು 180. ಏಳೂವರೆ ಪಟ್ಟು ಚಿಲ್ಲರೆ. ಇಷ್ಟು ದುಡ್ಡು ಸುರಿದ ಮೇಲೆ.

ಈಗ 3600ರದ್ದನ್ನೇ ಇಟ್ಟುಕೊಂಡು ಕಿಟಕಿ ಹಾಕಿ, ಗಾಜಿನ ಹಂಚು ಮುಚ್ಚಿ. 620 ಭಾಗಿಸು 20. ಮೂವತ್ತೊಂದು ಪಟ್ಟು! ನಾಲ್ಕು ಟರ್ಪಾಲು ತುಂಡು ಮಾಡುವ ಕೆಲಸವನ್ನು ಲಕ್ಷಗಟ್ಟಲೆ ರೂಪಾಯಿಯ ಮೆಷಿನ್ ಮಾಡುವುದಿಲ್ಲ. ರಾತ್ರಿ ಮುಂದಿನ ಟ್ಯೂಬ್‌ಲೈಟ್ ಆರಿಸಿದರೆ 608 ಭಾಗಿಸು 8, ಅಂದರೆ 76. ಆಡಿಯೋ ವಿಷುಯಲ್ ಕೆಲಸದವರ ಸಂಘ ಇನ್ಫೋಕಾಮ್ 2011ರಲ್ಲಿ ಬಿಳಿ ಕಪ್ಪಿನ ಈ ವ್ಯತ್ಯಾಸಕ್ಕೆ ಒಂದು ಮಾನದಂಡ ಮಾಡಿತು. ಸುಮ್ನೆ ಕಣ್ಣಾಡಿಸುವ ಸ್ಲೈಡ್‌ಗೆ 7:1, ಓದಿ ಅರ್ಥ ಮಾಡಿಕೊಳ್ಳಬೇಕಾದದ್ದಕ್ಕೆ 15:1, ಸೂಕ್ಷ್ಮವಾಗಿ ನೋಡಬೇಕಾದ ಚಿತ್ರಕ್ಕೆ 50:1, ಸಿನಿಮಾ ತರಹದ ವೀಡಿಯೋಗೆ 80:1. ನಿಮ್ಮ ರಾತ್ರಿಯ ಹಾಲ್ ಕೊನೆಯದಕ್ಕೆ ಹತ್ತಿರ ಹತ್ತಿರ ಬಂತು. ಹಗಲಿನ ಮೂವತ್ತೊಂದರಲ್ಲಿ ಹಾಕಿ ಮ್ಯಾಚ್ ಆರಾಮಾಗಿ ನೋಡಬಹುದು. ಕೊಳೆ ರೋಗದ ಎಲೆಗೆ ಇನ್ನೂ ಸ್ವಲ್ಪ ಬೇಕು, ಆ ದಿನ ಚಿತ್ರವನ್ನು 100 ಇಂಚಿಗೆ ಇಳಿಸಿ. ಗೋಡೆ ಮೇಲೆ 870 ಲಕ್ಸ್ ಬೀಳುತ್ತದೆ, 44 ಪಟ್ಟು ಆಗುತ್ತದೆ. ದುಡ್ಡು ಖರ್ಚಿಲ್ಲ.

ಅದೇ ಅಗ್ಗದ ಪೆಟ್ಟಿಗೆ, ನಿಜವಾದ 300 ಲುಮೆನ್ಸ್ ಅಂತ ಹಿಡಿದರೆ ನಿಮ್ಮ ಗೋಡೆ ಮೇಲೆ 75 ಲಕ್ಸ್. ಹಗಲಲ್ಲಿ ಒಂದೂವರೆ ಪಟ್ಟೂ ಇಲ್ಲ. ಆನ್ ಆಗಿದೆಯಾ ಇಲ್ಲವಾ ಅಂತ ಹತ್ತಿರ ಹೋಗಿ ನೋಡಬೇಕು.

ಹಾಗೆಯೇ 3300ಕ್ಕೂ 3600ಕ್ಕೂ ನಡುವೆ ಯಾವುದು ಅಂತ ಒದ್ದಾಡಬೇಡಿ. ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಬೆಳಕು ಎರಡು ಪಟ್ಟು ಆದರೂ ನಮಗೆ ಎರಡು ಪಟ್ಟು ಅನ್ನಿಸುವುದಿಲ್ಲ, ಕಣ್ಣು ಹಾಗೆ ಕೆಲಸ ಮಾಡುವುದಿಲ್ಲ.


ರಿಪೇರಿ_ಕುಶಾಲನಗರ:

ಲೆಕ್ಕ ಸರಿ ಇದೆ. ಆದರೆ ಒಂದು ಬಿಟ್ಟರು. ಬಿಳಿ ಬೆಳಕಿನ ಲುಮೆನ್ಸ್ ಬೇರೆ, ಬಣ್ಣದ ಲುಮೆನ್ಸ್ ಬೇರೆ.

ಒಂದೇ ಚಿಪ್ ಇರುವ ಡಿಎಲ್‌ಪಿ (ಚಿಪ್ ಮೇಲಿನ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ) ಮೆಷಿನ್‌ಗಳಲ್ಲಿ ಬಣ್ಣದ ಚಕ್ರ ತಿರುಗುತ್ತದೆ, ಕೆಂಪು, ಹಸಿರು, ನೀಲಿ ಒಂದಾದ ಮೇಲೆ ಒಂದು ಬರುತ್ತವೆ. ಬೆಳಕಿನ ಅಂಕಿ ಏರಿಸಲು ಬಹಳಷ್ಟು ಮಾಡೆಲ್‌ಗಳಲ್ಲಿ ಚಕ್ರಕ್ಕೆ ಒಂದು ಪಾರದರ್ಶಕ ತುಂಡೂ ಸೇರಿಸಿರುತ್ತಾರೆ. ಬಿಳಿ ಅಳೆಯುವಾಗ ಅಂಕಿ ಜೋರು ಬರುತ್ತದೆ, ಬಣ್ಣಕ್ಕೆ ಆ ತುಂಡಿನಿಂದ ಏನೂ ಉಪಯೋಗ ಇಲ್ಲ. ಹಾಗಾಗಿ ಬಿಳಿ ಹೊಳೆಯುತ್ತದೆ, ಹುಲ್ಲು, ಜೆರ್ಸಿ ಎಲ್ಲ ಮಂಕು. ಹಾಕಿ ನೋಡುವವರಿಗೆ ಇದು ಮುಖ್ಯ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಟರ್ಫ್ ನೀಲಿ ಆಯಿತಲ್ವಾ, ಪೂರ್ತಿ ಸ್ಕ್ರೀನ್ ತುಂಬ ನೀಲಿಯೇ ಇರುತ್ತದೆ. ಮೂರು ಪ್ಯಾನೆಲ್‌ನ ಎಲ್‌ಸಿಡಿ ಮೆಷಿನ್‌ಗಳಲ್ಲಿ ಮೂರೂ ಬಣ್ಣ ಒಟ್ಟಿಗೆ ಬರುವುದರಿಂದ ಬಿಳಿಗೂ ಬಣ್ಣಕ್ಕೂ ಒಂದೇ ಅಂಕಿ. ಅಂಗಡಿಯಲ್ಲಿ "ಕಲರ್ ಬ್ರೈಟ್‌ನೆಸ್" ಎಷ್ಟು ಅಂತ ಕೇಳಿ. ಡಿಎಲ್‌ಪಿಯಲ್ಲಿ ಕೆಲವರಿಗೆ ಕಣ್ಣು ಬೇಗ ಆಡಿಸಿದಾಗ ಕಾಮನಬಿಲ್ಲಿನ ಗೆರೆ ಕಾಣುವುದೂ ಇದೆ, ನೂರು ಜನರಲ್ಲಿ ಒಬ್ಬರಾದರೂ ಹೇಳುತ್ತಾರೆ.


ಬೆಳಕಿನ_ಲೆಕ್ಕ:

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಪಾರದರ್ಶಕ ತುಂಡು ಇಲ್ಲದ ಚಕ್ರದ ಡಿಎಲ್‌ಪಿಗಳೂ ಇವೆ, ಹೋಮ್ ಸಿನಿಮಾ ಅಂತ ಮಾರುವ ಮಾಡೆಲ್‌ಗಳಲ್ಲಿ. ಕಪ್ಪೂ ಆ ಬೆಲೆಯ ಎಲ್‌ಸಿಡಿಗಿಂತ ಕೆಲವೊಮ್ಮೆ ಚೆನ್ನಾಗಿರುತ್ತದೆ. ಮತ್ತೆ ನಮ್ಮ ಮಳೆಗಾಲ ನೋಡಿ. ಡಿಎಲ್‌ಪಿ ಚಿಪ್ ಭಾಗ ಸಾಮಾನ್ಯವಾಗಿ ಮುಚ್ಚಿರುತ್ತದೆ. ಎಲ್‌ಸಿಡಿಯಲ್ಲಿ ಪ್ಯಾನೆಲ್ ತಣಿಯಲು ಗಾಳಿ ಒಳಗೆ ಹೋಗಲೇಬೇಕು, ಅದರ ಜೊತೆ ಧೂಳು, ತೇವ ಎಲ್ಲ ಹೋಗುತ್ತದೆ.


ರಿಪೇರಿ_ಕುಶಾಲನಗರ:

ಅದು ನಿಜ, ನನ್ನ ಅಂಗಡಿ ನಡೆಯುವುದೇ ಅದರಿಂದ 😄. ಆದರೂ ಬಣ್ಣಕ್ಕಾಗಿ ನಾನು ಎಲ್‌ಸಿಡಿಯೇ ಹೇಳುತ್ತೇನೆ, ನೋಡಿಕೊಂಡರೆ ಬಾಳುತ್ತದೆ. ಫಿಲ್ಟರ್ ಜಾಲರಿ ಬಿಚ್ಚಿ ಬ್ರಷ್‌ನಿಂದ ಧೂಳು ತೆಗೆಯುವುದು ಎಷ್ಟು ಹೊತ್ತಿನ ಕೆಲಸ? ಯಾರೂ ಮಾಡುವುದಿಲ್ಲ. ಫಿಲ್ಟರ್ ಕಟ್ಟಿದರೆ ಒಳಗೆ ಬಿಸಿ ಏರುತ್ತದೆ, ಬೆಳಕು ಇಳಿಯುತ್ತದೆ, ಆಮೇಲೆ "ಅಣ್ಣಾ ಹೊಸದರಲ್ಲಿ ಚೆನ್ನಾಗಿತ್ತು" ಅಂತ ತರುತ್ತಾರೆ.

ಮಳೆಗಾಲದ್ದು ಹೇಳಲೇಬೇಕು. ಮ್ಯಾನ್ಯುಯಲ್‌ಗಳಲ್ಲಿ ಗಾಳಿಯ ತೇವ 80 ಪರ್ಸೆಂಟ್ ಒಳಗಿರಲಿ ಅಂತ ಇರುತ್ತದೆ. ಜುಲೈ ಆಗಸ್ಟ್‌ನಲ್ಲಿ ನಮ್ಮಲ್ಲಿ ತೊಂಬತ್ತರ ಕೆಳಗೆ ಇಳಿದರೆ ಆಶ್ಚರ್ಯ. ಚಪ್ಪಲಿಗೆ, ಬೆಲ್ಟಿಗೆ ಬರುವ ಬೂಸರು ಲೆನ್ಸಿಗೂ ಬರುತ್ತದೆ. ಒಮ್ಮೆ ಲೆನ್ಸ್ ಒಳಗೆ ಬೂಸರು ಹಿಡಿದರೆ ಬೆಳಕು ಎಲ್ಲೆಲ್ಲೋ ಚದುರುತ್ತದೆ, ಬಿಳಿಯ ಸುತ್ತ ಮಂಜು ಕವಿದ ಹಾಗೆ, ಕಪ್ಪು ಬೂದಿ. ಲುಮೆನ್ಸ್ ಎಷ್ಟಿದ್ದರೂ ದಂಡ. ಹಾಲ್‌ನಲ್ಲಿ ಮಾಡಿನಿಂದ ನೇತುಹಾಕಿ ಬಿಡಬೇಡಿ. ಮುಚ್ಚಳ ಗಟ್ಟಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಯಾರದಾದರೂ ಮನೆಯಲ್ಲಿ ಇಡಿ, ಬೆಚ್ಚಗಿರುವ ಕೋಣೆ ಆದರೆ ಒಳ್ಳೆಯದು. ಮಳೆಗಾಲದಲ್ಲಿ ಮ್ಯಾಚ್ ಇಲ್ಲದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಒಳಗೆ ಬಿಸಿಯಾಗಿ ತೇವ ಹೋಗುತ್ತದೆ. ಆದರೆ ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ, ಪೂರ್ತಿ ತಣಿಯಲಿ.

ಕರೆಂಟ್. ಗಾಳಿ ಮಳೆಗೆ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಉರಿಯುತ್ತಿರುವಾಗ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಪದೇ ಪದೇ ಹೀಗಾದರೆ ಲ್ಯಾಂಪ್ ಬೇಗ ಮಂಕಾಗುತ್ತದೆ, ಒಡೆಯುವುದೂ ಉಂಟು. ಒಂದು ಯುಪಿಎಸ್ ಬೇಕೇ ಬೇಕು. ಈ ಗಾತ್ರದ ಮೆಷಿನ್ 250ರಿಂದ 350 ವಾಟ್ ಎಳೆಯುತ್ತದೆ, ಅದಕ್ಕೆ ತಕ್ಕದ್ದು ನೋಡಿ. ಜನರೇಟರ್‌ಗೆ ನೇರ ಹಾಕಬೇಡಿ, ನಡುವೆ ಸ್ಟೆಬಿಲೈಸರ್ ಇರಲಿ.

ಲ್ಯಾಂಪ್ ಗಂಟೆಯ ಲೆಕ್ಕವೂ ಗೊತ್ತಿರಲಿ. 5000 ಗಂಟೆ ಅಂತ ಬರೆದಿದ್ದರೆ ಅಷ್ಟು ಹೊತ್ತು ಹೊಸದರಂತೆ ಉರಿಯುತ್ತದೆ ಅಂತ ಅಲ್ಲ. ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು ಅದು. ಲೇಸರ್ ಮೆಷಿನ್‌ನ 20000 ಗಂಟೆಯೂ ಹಾಗೆಯೇ, ಅರ್ಧಕ್ಕೆ ಇಳಿಯುವವರೆಗೆ. ಅದಕ್ಕೇ ತೆಗೆಯುವಾಗ ಸ್ವಲ್ಪ ಜಾಸ್ತಿ ಲುಮೆನ್ಸ್ ಇಟ್ಟುಕೊಳ್ಳುವುದು, ಇವತ್ತಿಗೆ ಲೆಕ್ಕ ಹಾಕಿದ್ದು ಮೂರು ವರ್ಷದ ಮೇಲೆ ಇರುವುದಿಲ್ಲ. ನೀವು ವರ್ಷಕ್ಕೆ ಎಷ್ಟು ಗಂಟೆ ಹಾಕುತ್ತೀರಿ? ಇನ್ನೂರು ಮುನ್ನೂರು ಇರಬಹುದು. ಅಷ್ಟಕ್ಕೆ ಲೇಸರ್‌ಗೆ ದುಡ್ಡು ಹಾಕುವುದು ಬೇಡ.


ತೋಟದಮನೆ_ಕಕ್ಕಬ್ಬೆ:

ಗೋಡೆ ಸಾಕಾ ಅಂತ ಕೇಳಿದ್ದಕ್ಕೆ ಯಾರೂ ಹೇಳಲಿಲ್ಲ. ಸಾಕು. ಆದರೆ ಗೋಡೆ ನಿಜವಾಗಿ ಬಿಳಿ ಇರಬೇಕು, ಹೊಳಪಿಲ್ಲದ ಬಣ್ಣ. ಹಳೇ ಸುಣ್ಣ ಹಳದಿ ತಿರುಗಿದ್ದರೆ ಚಿತ್ರವೂ ಹಳದಿ. ನಮ್ಮ ಜಗಲಿ ಗೋಡೆಯಲ್ಲಿ ಉಬ್ಬು ತಗ್ಗು ಇತ್ತು, ಕ್ಯಾಮೆರಾ ಮೈದಾನದ ಮೇಲೆ ಓಡುವಾಗ ಗೋಡೆಯ ಗುಳಿಗಳು ಎದ್ದು ಕಾಣುತ್ತಿದ್ದವು. ಪುಟ್ಟಿ ಹಾಕಿಸಿ ಉಜ್ಜಿಸಿದ ಮೇಲೆ ಸರಿಯಾಯಿತು. ಹೊರಗಿನ ಬೆಳಕು ತಡೆಯುತ್ತದೆ ಅಂತ ಎಎಲ್‌ಆರ್ ಸ್ಕ್ರೀನ್ ತೋರಿಸುತ್ತಾರೆ ಅಂಗಡಿಯಲ್ಲಿ. ಚೆನ್ನಾಗಿಯೇ ಇರುತ್ತದೆ, ಆದರೆ ಬೆಲೆ ಪ್ರೊಜೆಕ್ಟರ್‌ನಷ್ಟೇ, ಮೇಲಾಗಿ ಪಕ್ಕದಲ್ಲಿ ಕೂತವರಿಗೆ ಮಂಕಾಗಿ ಕಾಣುತ್ತದೆ. ನಾಲ್ಕು ಜನ ಸೋಫಾ ಮೇಲೆ ಕೂರುವ ಮನೆಗೆ ಸರಿ. ನಿಮ್ಮ ಹಾಲ್‌ನಲ್ಲಿ ಜನ ಗೋಡೆಯಿಂದ ಗೋಡೆಗೆ ಕೂರುತ್ತಾರೆ.


ಮೂರ್ನಾಡು_ಹುಡುಗ:

ಮಾವ ಕಾಗದ ನೋಡಿದರು. ಕನ್ನಡಕ ಹಾಕಿ ತಾವೇ ಇನ್ನೊಮ್ಮೆ ಭಾಗಿಸಿದರು. 3600ಕ್ಕೆ ಒಪ್ಪಿದ್ದಾರೆ. ಎಲ್‌ಸಿಡಿಯೇ ತೆಗೆಯುತ್ತೇವೆ, ಯುಪಿಎಸ್ ಜೊತೆಗೆ. ಡಬ್ಬಿ ನಮ್ಮ ಮನೆಯಲ್ಲೇ ಇರುತ್ತದೆ.

ಉಳಿದದ್ದು ಹಂಚು. ಮಳೆಯಲ್ಲಿ ಮಾಡು ಹತ್ತಿದರೆ ಹಂಚು ಒಡೆಯುತ್ತದೆ, ಹಿರಿಯರು ಬಿಡುವುದಿಲ್ಲ. ಒಳಗಿನಿಂದಲೇ ರೀಪಿಗೆ ಟರ್ಪಾಲು ಕಟ್ಟೋಣ ಅಂತ. ನೀಲಿ ಟರ್ಪಾಲು ಮನೆಯಲ್ಲೇ ಬೇಕಾದಷ್ಟು ಇದೆ, ಅದು ಆಗುತ್ತದಾ? ಮೆಷಿನ್ ಎಷ್ಟು ದೂರ ಇಡಬೇಕು?


ಬೆಳಕಿನ_ಲೆಕ್ಕ:

ನೀಲಿ ಬೇಡ. ಅದರಲ್ಲಿ ಬೆಳಕು ತೂರಿ ಬರುತ್ತದೆ, ಮೇಲಿಂದ ಗೋಡೆಗೆಲ್ಲ ನೀಲಿ ಛಾಯೆ ಬೀಳುತ್ತದೆ, ಆಮೇಲೆ ಆಟಗಾರರೆಲ್ಲ ಚಳಿಗೆ ಮರಗಟ್ಟಿದ ಹಾಗೆ ಕಾಣುತ್ತಾರೆ. ದಪ್ಪ ಕಪ್ಪು ಪ್ಲಾಸ್ಟಿಕ್ ಶೀಟ್ ತನ್ನಿ, ಅಥವಾ ಎರಡು ಪದರ ಕಾಫಿ ಚೀಲ. ಪ್ರತಿ ಗಾಜಿನ ಹಂಚಿಗಿಂತ ಎಲ್ಲ ಕಡೆ ಒಂದು ಗೇಣು ಜಾಸ್ತಿ ಇರಲಿ, ಅಂಚಿನಿಂದ ಬೆಳಕು ಇಣುಕುತ್ತದೆ. ಹಗ್ಗ ಎಳೆದರೆ ಸರಿಯುವ ಹಾಗೆ ಕಟ್ಟಿದರೆ ಬೇರೆ ದಿನ ಹಾಲ್‌ಗೆ ಬೆಳಕು ಬೇಕಾದಾಗ ತೆಗೆಯಬಹುದು. ಗೋಡೆ ಎದುರಿನ ಹಂಚುಗಳನ್ನು ಮೊದಲು ಮುಚ್ಚಿ ಅಳೆದು ನೋಡಿ, ಹಿಂದಿನ ಒಂದೆರಡು ಬಿಟ್ಟರೂ ನಡೆಯಬಹುದು, ಜನರಿಗೆ ನಡೆಯಲು ದಾರಿ ಕಾಣಬೇಕಲ್ವಾ.

ದೂರ ಮಾಡೆಲ್ ಮೇಲೆ ಹೋಗುತ್ತದೆ, ಥ್ರೋ ರೇಷಿಯೋ ಅಂತ ಇರುತ್ತದೆ. 1.5 ಅಂತಿದ್ದರೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ. 120 ಇಂಚಿನ ಚಿತ್ರದ ಅಗಲ 2.66 ಮೀಟರ್, ಹಾಗಾಗಿ ನಾಲ್ಕು ಮೀಟರ್ ಆಯಿತು. ಜೂಮ್ ಇದ್ದರೆ ಹತ್ತಿರ ಇಟ್ಟು ಅಗಲಕ್ಕೆ ಜೂಮ್ ಮಾಡಿ. ದೂರ ಇಟ್ಟು ಜೂಮ್‌ನಿಂದ ಚಿತ್ರ ಕುಗ್ಗಿಸಿದರೆ ಲೆನ್ಸ್ ಒಳಗೆ ಬೆಳಕು ಕಳೆದುಹೋಗುತ್ತದೆ. ಮೆಷಿನ್ ಗೋಡೆಗೆ ನೇರ ಇರಲಿ. ಓರೆಯಾಗಿ ಇಟ್ಟು ಕೀಸ್ಟೋನ್ ಅನ್ನುವ, ಓರೆ ಚಿತ್ರ ನೇರ ಮಾಡುವ ಸೆಟ್ಟಿಂಗ್‌ನಿಂದ ಸರಿ ಮಾಡಿದರೆ ಪ್ಯಾನೆಲ್‌ನ ಒಂದು ಭಾಗ ಕೆಲಸಕ್ಕೆ ಬರುವುದಿಲ್ಲ, ಬೆಳಕೂ ಹೋಯಿತು, ಅಕ್ಷರದ ಅಂಚೂ ಮಸುಕಾಯಿತು.

ಬಿಲ್ ಮಾಡಿಸುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ, ಪೂರ್ತಿ ಬಿಳಿ ಚಿತ್ರ ಹಾಕಿ ಮೂಲೆಗಳು ನಡುಭಾಗಕ್ಕಿಂತ ತೀರಾ ಮಂಕಾಗಿವೆಯಾ ನೋಡಿ. ಆಮೇಲೆ ಪೂರ್ತಿ ಕೆಂಪು, ಪೂರ್ತಿ ನೀಲಿ. ಅಂಗಡಿಯ ಲೈಟ್ ಆರಿಸಲು ಹೇಳಲು ಸಂಕೋಚ ಬೇಡ.


ಮೂರ್ನಾಡು_ಹುಡುಗ:

ಆಯಿತು ಅಣ್ಣಾ. ಮುಂದಿನ ವಾರ ಮಾವನನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತೇವೆ. ಲಕ್ಸ್ ಮೀಟರ್ ಆ್ಯಪ್ ಅವರ ಫೋನ್‌ಗೂ ಹಾಕಿಸಿಕೊಂಡಿದ್ದಾರೆ, ಅಂಗಡಿಯವನ ಗತಿ ಕಷ್ಟ.